ಕಂಬ ಒಡೆಯುವ ಹೊತ್ತು: ಮಕ್ಕಳು, ಭಯ ಮತ್ತು ನರಸಿಂಹ

2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ತೆರೆಗೆ ಬಂತು. ಅಶ್ವಿನ್ ಕುಮಾರ್ ನಿರ್ದೇಶಿಸಿದ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಅನಿಮೇಷನ್ ಚಿತ್ರ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಓಡಿತು. ನಮ್ಮ ದೇಶದಲ್ಲಿ ತಯಾರಾದ ಅನಿಮೇಷನ್ ಚಿತ್ರಗಳ ಪೈಕಿ ಅತಿ ಹೆಚ್ಚು ಹಣ ಗಳಿಸಿದ್ದು ಇದೇ. ಜನ ಚಪ್ಪಲಿ ಕಳಚಿಟ್ಟು ಚಿತ್ರಮಂದಿರದೊಳಗೆ ಹೋದ ಸುದ್ದಿಯೂ ಬಂತು. ಮಕ್ಕಳನ್ನು ಕೈಹಿಡಿದು ಕರೆದೊಯ್ದವರು ಬಹಳ. ಅವರ ಮನಸ್ಸಿನಲ್ಲಿ ಎರಡು ಸಮಾಧಾನಗಳು ಒಟ್ಟಿಗೆ ಕೆಲಸ ಮಾಡಿದ್ದಿರಬೇಕು. ಒಂದು, ಕಾರ್ಟೂನ್ ಎಂದ ಮೇಲೆ ಅದು ಮಕ್ಕಳದ್ದೇ. ಇನ್ನೊಂದು, ದೇವರ ಕತೆ ಎಂದ ಮೇಲೆ ಅದು ಮಕ್ಕಳಿಗೆ ಒಳ್ಳೆಯದೇ. ಈ ಎರಡರ ನಡುವೆ, ‘ಇದು ನನ್ನ ಆರು ವರ್ಷದ ಮಗುವಿಗೆ ಸರಿಯೇ’ ಎಂಬ ಸಣ್ಣ ಪ್ರಶ್ನೆ ಜಾರಿಹೋಗುತ್ತದೆ.

ಪ್ರಶ್ನೆ ಸಣ್ಣದಾದರೂ ಅವಸರದ್ದು. ಈ ಚಿತ್ರ ಏಳು ಚಿತ್ರಗಳ ಸರಣಿಯೊಂದರ ಮೊದಲ ಕಂತು. ಪರಶುರಾಮನಿಂದ ಕಲ್ಕಿಯವರೆಗಿನ ಉಳಿದ ಚಿತ್ರಗಳು 2037ರವರೆಗೆ ಎರಡು ವರ್ಷಕ್ಕೊಂದರಂತೆ ಬರಲಿವೆ ಎಂದು ಘೋಷಣೆಯಾಗಿದೆ. 2025ರಲ್ಲಿ ಆರು ವರ್ಷದವಳಾಗಿದ್ದ ಹುಡುಗಿ ಸರಣಿ ಮುಗಿಯುವಾಗ ಮತ ಹಾಕುವ ವಯಸ್ಸಿಗೆ ಬಂದಿರುತ್ತಾಳೆ. ಒಂದು ಇಡೀ ಬಾಲ್ಯದ ಪುರಾಣ ಕಲ್ಪನೆಯನ್ನು ರೂಪಿಸಬಲ್ಲ ಚಿತ್ರಗಳಿವು. ಇವುಗಳಲ್ಲಿ ರಕ್ತ ಎಷ್ಟಿದೆ ಎಂದು ಅಳೆದು ಮಕ್ಕಳಿಗೆ ಹೌದು ಅಥವಾ ಅಲ್ಲ ಎಂದು ಹೇಳಿಬಿಡುವುದು ಸುಲಭ. ಆದರೆ ಮಕ್ಕಳು ಉಗ್ರವಾದುದನ್ನು ನೋಡಿದ್ದು ಇದೇ ಮೊದಲಲ್ಲ. ಹಿಂದೆ ಅದನ್ನು ಯಾವ ಏರ್ಪಾಡಿನೊಳಗೆ ನೋಡುತ್ತಿದ್ದರು ಎಂದು ಕೇಳಿಕೊಂಡರೆ ಈಗಿನ ತೀರ್ಮಾನಕ್ಕೆ ಹೆಚ್ಚು ಸಹಾಯವಾದೀತು. ಅದಕ್ಕೆ ಉತ್ತರ ಕನ್ನಡದ ಕರಾವಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಭಟ್ಕಳ ತಾಲೂಕಿನ ಬೆಳಕೆಯಿಂದ ಹೊನ್ನಾವರ ದಾಟಿ ಕುಮಟೆಯವರೆಗಿನ ಪಟ್ಟಿ ಬಡಗುತಿಟ್ಟು ಯಕ್ಷಗಾನದ ನೆಲ. ಹೊನ್ನಾವರ ತಾಲೂಕಿನ ಗುಂಡಬಾಳದ ಮುಖ್ಯಪ್ರಾಣನ ಸನ್ನಿಧಿಯಲ್ಲಿ ಮಳೆಗಾಲ ಕಳೆದ ಮೇಲೆ ತಿಂಗಳುಗಟ್ಟಲೆ ರಾತ್ರಿ ರಾತ್ರಿ ಹರಕೆಯ ಆಟ ನಡೆಯುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು 1934ರಲ್ಲಿ ಕಟ್ಟಿದ್ದು ಇದೇ ತಾಲೂಕಿನಲ್ಲಿ. ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇಲ್ಲಿಯವರೇ. ಅವರನ್ನು ಜನ ಇಂದಿಗೂ ನೆನೆಯುವುದು ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯರಾಗಿ. ಊರಿನ ಪ್ರೀತಿಯ ಕಲಾವಿದ ಊರು ಹೆದರಬೇಕಾದ ಪಾತ್ರಗಳಿಂದಲೇ ಹೆಸರಾದ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳೋಣ. ಮುಂದೆ ಬೇಕಾಗುತ್ತದೆ.

ಈ ಆಟಗಳಿಗೆ ವಯಸ್ಸಿನ ಬೇಲಿ ಇರಲಿಲ್ಲ. ಚಾಪೆ ಹೊತ್ತು ಬಂದ ಮನೆಮಂದಿಯ ನಡುವೆ ಮಕ್ಕಳು ಕೂತಿರುತ್ತಿದ್ದರು, ಮಲಗಿರುತ್ತಿದ್ದರು. ಯಕ್ಷಗಾನವನ್ನು ಮಕ್ಕಳ ಕಲೆ ಎಂದು ಯಾರೂ ಕರೆದದ್ದಿಲ್ಲ. ಅದರ ಶೃಂಗಾರ, ವೇದಾಂತ, ವಾದ ಎಲ್ಲ ದೊಡ್ಡವರದ್ದು. ಆದರೂ ಆರಂಭದ ಬಾಲಗೋಪಾಲ ವೇಷಗಳಿಗೆ ಗೆಜ್ಜೆ ಕಟ್ಟುತ್ತಿದ್ದವರು ಕಲಿಯುವ ಹುಡುಗರು. ಬಳಿಕ ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ತೆರೆಯ ಹಿಂದಿನಿಂದ ರಾಕ್ಷಸನ ಅಬ್ಬರ ಕೇಳಿದಾಗ, ಚಂಡೆ ಏರಿದಾಗ, ನಿದ್ದೆಯಲ್ಲಿದ್ದ ಮಗು ಎದ್ದು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಅಂದರೆ ಭಯ ನಿಜವಾದದ್ದೇ. ಹಿಂದಿನ ಮಕ್ಕಳು ಗಟ್ಟಿ, ಈಗಿನವರು ಮೆತ್ತಗೆ ಎಂಬ ಮಾತಿಗೆ ಆಧಾರವಿಲ್ಲ. ವ್ಯತ್ಯಾಸ ಇದ್ದದ್ದು ಆ ಭಯದ ಸುತ್ತ ಏನೇನಿತ್ತು ಎಂಬುದರಲ್ಲಿ.

ಮೊದಲನೆಯದು, ಕತೆ ಮೊದಲೇ ಗೊತ್ತಿರುತ್ತಿತ್ತು. ಹಿರಣ್ಯಕಶಿಪು ಸಾಯುತ್ತಾನೆ, ಪ್ರಹ್ಲಾದ ಉಳಿಯುತ್ತಾನೆ ಎಂಬುದು ಮನೆಯಲ್ಲೇ ಕೇಳಿದ ಸಂಗತಿ. ಎರಡನೆಯದು ಹೊತ್ತು. ವಧೆಗೆ ಮುನ್ನ ಗಂಟೆಗಟ್ಟಲೆ ಮಾತು ನಡೆಯುತ್ತದೆ. ರಾಕ್ಷಸನೂ ತನ್ನ ಪಕ್ಷವನ್ನು ಮಂಡಿಸುತ್ತಾನೆ. ತಮ್ಮ ಹಿರಣ್ಯಾಕ್ಷನನ್ನು ಕಳೆದುಕೊಂಡ ಅಣ್ಣನ ಸಂಕಟ ಅರ್ಥಗಾರಿಕೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನಡುವೆ ಹಾಸ್ಯಗಾರ ಬಂದು ನಗಿಸಿ ಹೋಗುತ್ತಾನೆ. ಮೂರನೆಯದು ಹಿಂಸೆಯ ರೀತಿ. ಯುದ್ಧ ಕುಣಿತವಾಗುತ್ತದೆ, ಕೆಂಪು ಬಟ್ಟೆಯ ತುಂಡೊಂದು ಕರುಳಾಗಬಹುದು, ಸತ್ತ ರಾಕ್ಷಸ ಎದ್ದು ಚೌಕಿಯತ್ತ ನಡೆದುಹೋಗುತ್ತಾನೆ. ಕೊನೆಗೆ ಮಂಗಳ.

ಇವೆಲ್ಲಕ್ಕಿಂತ ದೊಡ್ಡದು ಚೌಕಿಯೇ. ಬಣ್ಣ ಬಳಿದುಕೊಳ್ಳುವ ಆ ಜಾಗಕ್ಕೆ ಮಕ್ಕಳು ಇಣುಕುತ್ತಿದ್ದರು. ಮನುಷ್ಯನೊಬ್ಬ ಕನ್ನಡಿ ಹಿಡಿದು ಕೂತು ಸ್ವಲ್ಪ ಸ್ವಲ್ಪವಾಗಿ ರಾಕ್ಷಸನಾಗುವುದನ್ನು ನೋಡುತ್ತಿದ್ದರು. ಬೆಳಗಾದ ಮೇಲೆ ಅದೇ ಮನುಷ್ಯ ಬಣ್ಣ ತೆಗೆದು ಚಹಾ ಕುಡಿಯುವುದನ್ನೂ ನೋಡುತ್ತಿದ್ದರು. ಹೀಗಾಗಿ ಭಯಂಕರ ಮುಖದ ಹಿಂದೆ ಪಕ್ಕದೂರಿನ ಪರಿಚಿತ ಮುಖವೊಂದಿದೆ ಎಂಬ ತಿಳಿವಳಿಕೆ ಮಗುವಿಗೆ ಕಣ್ಣಿನಿಂದಲೇ ಬರುತ್ತಿತ್ತು, ಯಾರೂ ಪಾಠ ಮಾಡಬೇಕಿರಲಿಲ್ಲ. ಮರುದಿನ ಅಡಿಕೆ ಹಾಳೆ ಕಿರೀಟವಾಗುತ್ತಿತ್ತು, ಡಬ್ಬ ಚಂಡೆಯಾಗುತ್ತಿತ್ತು. ರಾತ್ರಿ ಸೆರಗಿನೊಳಗೆ ಅಡಗಿದ್ದ ಹುಡುಗನೇ ಅಂಗಳದಲ್ಲಿ ಹಿರಣ್ಯಕಶಿಪುವಾಗಿ ಅಬ್ಬರಿಸುತ್ತಿದ್ದ. ಯಕ್ಷಗಾನಕ್ಕೂ ಮಕ್ಕಳು ಆಡುವುದಕ್ಕೂ ನಮ್ಮ ಭಾಷೆಯಲ್ಲಿರುವುದು ‘ಆಟ’ ಎಂಬ ಒಂದೇ ಪದ.

ಭಟ್ಕಳದಿಂದ ದಕ್ಷಿಣಕ್ಕೆ, ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಇದೇ ಯಕ್ಷಗಾನದ ವೇಷಗಳನ್ನು ತೊಟ್ಟ ಸೂತ್ರದ ಗೊಂಬೆಗಳಿವೆ. ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಈ ಗೊಂಬೆಯಾಟವನ್ನು ನಮ್ಮ ಕಡೆಯ ಅನಿಮೇಷನ್ನಿನ ಹಿರಿಯ ಸಂಬಂಧಿ ಎನ್ನಬಹುದು. ಜೀವವಿಲ್ಲದ್ದಕ್ಕೆ ಚಲನೆ ಕೊಡುವುದೇ ಎರಡರ ಕೆಲಸ. ಉಳಿದುಬಂದಿರುವ ಅತ್ಯಂತ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾದ, 1926ರ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ಗಾಗಿ ಜರ್ಮನಿಯ ಲೊಟ್ಟೆ ರೈನಿಗರ್ ಕತ್ತರಿಸಿದ ನೆರಳಿನ ಆಕೃತಿಗಳೂ ನಮ್ಮ ತೊಗಲುಗೊಂಬೆಗಳ ದೂರದ ನೆಂಟರಂತೆ ಕಾಣುತ್ತವೆ. ಆದರೆ ಉಪ್ಪಿನಕುದ್ರುವಿನ ಗೊಂಬೆಗೆ ದಾರ ಕಾಣುತ್ತದೆ. ಲಂಕೆಯೇ ಸುಟ್ಟರೂ ಅದು ಒಂದು ಮೊಳದ ಗೊಂಬೆ ಎಂಬುದು ಮಗುವಿನ ಕಣ್ಣಿಗೆ ಮರೆಯಾಗುವುದಿಲ್ಲ.

ಆಟದ ಬಯಲಿನಿಂದ ಸಿನಿಮಾದ ಕತ್ತಲೆಗೆ ಬಂದಾಗ ಈ ಏರ್ಪಾಡು ಸಡಿಲವಾಯಿತು. ಅದರ ಜಾಗಕ್ಕೆ ಕಾನೂನು ಬಂತು. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯ್ದೆ ರಾಜದ್ರೋಹ ಮತ್ತು ಅಶ್ಲೀಲತೆಯ ಮೇಲೆ ಕಣ್ಣಿಟ್ಟಿತ್ತೇ ಹೊರತು ನೋಡುವವರ ವಯಸ್ಸಿನ ಮೇಲಲ್ಲ. 1918ರ ಸಿನಿಮಾ ಕಾಯ್ದೆಯ ಬಳಿಕ, 1920ರಲ್ಲಿ, ಮುಂಬೈ, ಕಲ್ಕತ್ತ, ಮದ್ರಾಸ್ ಮತ್ತು ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. ಉತ್ತರ ಕನ್ನಡ 1862ರಲ್ಲೇ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿದಿತ್ತು. ಹೀಗಾಗಿ ಒಂದೇ ಕಡಲು, ಒಂದೇ ತಿಟ್ಟಿನ ಆಟ ಇದ್ದರೂ ಭಟ್ಕಳ ಮುಂಬೈ ಮಂಡಳಿಯ ಸೀಮೆಗೆ, ಪಕ್ಕದ ಬೈಂದೂರು ಮದ್ರಾಸ್ ಮಂಡಳಿಯ ಸೀಮೆಗೆ ಸೇರಿದವು. ರಾತ್ರಿಯ ಆಟಕ್ಕೆ ಗಡಿ ಇರಲಿಲ್ಲ, ಸಿನಿಮಾಕ್ಕಿತ್ತು.

ವಯಸ್ಸು ಕಾನೂನಿನೊಳಗೆ ಬಂದದ್ದು ತಡವಾಗಿ. 1949ರ ತಿದ್ದುಪಡಿ ಎಲ್ಲರಿಗೂ ‘ಯು’, ವಯಸ್ಕರಿಗೆ ‘ಎ’ ಎಂಬ ಎರಡು ಪೆಟ್ಟಿಗೆಗಳನ್ನು ಮಾಡಿತು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅದನ್ನೇ ಮುಂದುವರಿಸಿತು. 1983ರ ಜೂನ್ 1ರಿಂದ ‘ಯು/ಎ’ ಸೇರಿತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆತ್ತವರ ಮಾರ್ಗದರ್ಶನವಿರಲಿ ಎಂಬುದು ಅದರ ತಾತ್ಪರ್ಯ. 2023ರ ತಿದ್ದುಪಡಿ ಈ ನಡುವಿನ ಪೆಟ್ಟಿಗೆಯನ್ನು ಏಳು, ಹದಿಮೂರು, ಹದಿನಾರು ವರ್ಷಗಳೆಂದು ಮೂರಾಗಿ ಸೀಳಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ: ಈ ವಯಸ್ಸಿನ ಗುರುತುಗಳು ಹೆತ್ತವರು, ಪೋಷಕರ ತಿಳಿವಳಿಕೆಗಾಗಿ, ಅವರ ಹೊರತು ಬೇರೆ ಯಾರೂ ಅವನ್ನು ಜಾರಿಗೊಳಿಸುವಂತಿಲ್ಲ. ಬಾಗಿಲಲ್ಲಿ ನಿಂತ ಟಿಕೆಟ್ಟಿನವನು ಏಳರ ಗುರುತಿರುವ ಚಿತ್ರಕ್ಕೆ ಬಂದ ಐದು ವರ್ಷದ ಮಗುವನ್ನು ತಡೆಯಲಾರ. ನೂರು ವರ್ಷ ಸುತ್ತಿ ಕಾನೂನು ಮತ್ತೆ ಅಜ್ಜಿಯ ಚಾಪೆಯ ಬಳಿಗೇ ಬಂದು ನಿಂತಿದೆ. ಅಜ್ಜಿಯ ಹತ್ತಿರ ಇದ್ದ ಸಾಧನಗಳು ಈಗ ನಮ್ಮ ಹತ್ತಿರ ಇವೆಯೇ ಎಂಬುದು ಮಾತ್ರ ಉಳಿದ ಪ್ರಶ್ನೆ.

ಸಂಖ್ಯೆಗಳು ಎಡವುವುದೂ ಹೊಸದಲ್ಲ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ 1938ರಲ್ಲಿ ಬ್ರಿಟನ್ನಿಗೆ ಬಂದಾಗ ಅಲ್ಲಿನ ಸೆನ್ಸಾರ್ ಮಂಡಳಿ ಅದಕ್ಕೆ ಅಂದಿನ ‘ಎ’ ಪ್ರಮಾಣಪತ್ರ ಕೊಟ್ಟಿತು. ಹದಿನಾರರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕು ಎಂದು ಅದರ ಅರ್ಥ. ಮಾಟಗಾತಿ, ಕಾಡಿನ ಕತ್ತಲೆ ಮಕ್ಕಳನ್ನು ಹೆದರಿಸುತ್ತವೆ ಎಂಬುದು ಆತಂಕ. ಹಲವು ಸ್ಥಳೀಯ ಆಡಳಿತಗಳು ಅದನ್ನು ಬದಿಗಿಟ್ಟವು. ನಮ್ಮಲ್ಲಿ ‘ಗೋವಿನ ಹಾಡು’ ಪ್ರಾಥಮಿಕ ಶಾಲೆಯ ಮಕ್ಕಳ ಬಾಯಲ್ಲಿದೆ. ಹಾಲು ಕುಡಿಯುವ ಕರುವನ್ನು ಬಿಟ್ಟು ತಾಯಿ ಸಾಯಲು ಹೊರಡುತ್ತಾಳೆ, ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ತಾಯಿಯನ್ನು ಕಳೆದುಕೊಳ್ಳುವ ಭಯಕ್ಕಿಂತ ದೊಡ್ಡ ಭಯ ಐದು ವರ್ಷದ ಮಗುವಿಗೆ ಯಾವುದಿದೆ? ಆದರೂ ಅದಕ್ಕೆ ಪ್ರಮಾಣಪತ್ರ ಕೇಳಿದವರಿಲ್ಲ. ಹಾಡಿನ ಲಯ, ಹಾಡಿಸುವ ಟೀಚರು, ಜೊತೆಗೆ ಹಾಡುವ ಮೂವತ್ತು ಮಕ್ಕಳು ಆ ಭಯವನ್ನು ಹೊತ್ತುಕೊಳ್ಳುತ್ತಾರೆ.

ನರಸಿಂಹನ ಕತೆಯಲ್ಲಿ ಮಗುವಿಗೆ ಭಯವಾಗುವ ಜಾಗ ಯಾವುದು? ದೊಡ್ಡವರ ಕಣ್ಣು ಕೊನೆಯ ದೃಶ್ಯದ ಮೇಲಿರುತ್ತದೆ: ಹೊಸ್ತಿಲು, ತೊಡೆ, ಉಗುರು, ಕರುಳು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಶಿಲ್ಪಿ ಅದನ್ನು ಮುಚ್ಚುಮರೆಯಿಲ್ಲದೆ ಕಂಡರಿಸಿದ್ದಾನೆ. ಆದರೆ ಮಗುವಿನ ಕಡೆಯಿಂದ ನೋಡಿದರೆ ಕತೆಯ ನಡುಭಾಗವೇ ಹೆಚ್ಚು ಭಯಂಕರ. ಅಲ್ಲಿ ಅಪ್ಪನೇ ಮಗನನ್ನು ಕೊಲ್ಲಹೊರಡುತ್ತಾನೆ. ಆನೆಯ ಕಾಲಡಿ ಹಾಕಿಸುತ್ತಾನೆ, ಹಾವುಗಳಿಂದ ಕಚ್ಚಿಸುತ್ತಾನೆ, ಬೆಟ್ಟದಿಂದ ತಳ್ಳಿಸುತ್ತಾನೆ, ವಿಷ ಉಣ್ಣಿಸುತ್ತಾನೆ. ಮಕ್ಕಳು ಮತ್ತು ಪರದೆಯ ಭಯದ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಜೋನ್ ಕ್ಯಾಂಟರ್ ಅವರ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೀರ ಸಣ್ಣ ಮಕ್ಕಳು ಕಾಣುವ ರೂಪಕ್ಕೆ ಹೆದರುತ್ತಾರೆ, ಅವರಿಗೆ ‘ಇದು ಸುಳ್ಳು’ ಎಂಬ ವಿವರಣೆಗಿಂತ ಅಪ್ಪಿಕೊಂಡ ಕೈ ದೊಡ್ಡದು. ದೊಡ್ಡವರಾಗುತ್ತ ಮಕ್ಕಳು ನಿಜವಾಗಿ ನಡೆಯಬಹುದಾದದ್ದಕ್ಕೆ ಹೆಚ್ಚು ಹೆದರುತ್ತಾರೆ. ಸಿಂಹಮುಖದ ದೇವರು ಮನೆಗೆ ಬರಲಾರ ಎಂದು ಹತ್ತು ವರ್ಷದವನಿಗೆ ಗೊತ್ತು. ಸಿಟ್ಟಾದ ಅಪ್ಪ ಮಾತ್ರ ಪ್ರತಿ ಸಂಜೆ ಮನೆಗೆ ಬರುತ್ತಾನೆ.

ಇದನ್ನು ಕನ್ನಡ ಸಿನಿಮಾ ಒಮ್ಮೆ ಅನಾಯಾಸವಾಗಿ ನಿಭಾಯಿಸಿತ್ತು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಅಂದು ಮಾಸ್ಟರ್ ಲೋಹಿತ್ ಎಂದು ಕರೆಸಿಕೊಳ್ಳುತ್ತಿದ್ದ ಪುನೀತ್ ಪ್ರಹ್ಲಾದ. ತೆರೆಯ ಮೇಲೆ ಗರ್ಜಿಸುವ ಅಪ್ಪ ಮತ್ತು ನಡುಗದ ಮಗ ನಿಜ ಜೀವನದಲ್ಲಿ ಅಪ್ಪ ಮಗನೇ ಎಂಬುದು ನಾಡಿಗೆಲ್ಲ ಗೊತ್ತಿತ್ತು. ಆ ಅಪ್ಪ ಈ ಮಗನನ್ನು ಎಷ್ಟು ಪ್ರೀತಿಸುತ್ತಾನೆಂಬುದೂ ಗೊತ್ತಿತ್ತು. ರಾಜ್‌ಕುಮಾರರ ಗಂಟಲು ಎಷ್ಟೇ ಕಂಪಿಸಲಿ, ನೋಡುವ ಮಗುವಿಗೆ ಪಕ್ಕದಲ್ಲಿದ್ದವರು ‘ಅವರು ಅವನ ಅಪ್ಪನೇ ಅಲ್ಲವಾ’ ಎಂದರೆ ಸಾಕಿತ್ತು. ಚಿಟ್ಟಾಣಿಯವರ ಭಸ್ಮಾಸುರನ ಹಿಂದೆ ಚಿಟ್ಟಾಣಿಯವರು ಇದ್ದಂತೆ, ಹಿರಣ್ಯಕಶಿಪುವಿನ ಹಿಂದೆ ರಾಜ್‌ಕುಮಾರ್ ಇದ್ದರು. ಚೌಕಿ ಸಿನಿಮಾದ ಹೊರಗೆ, ಪತ್ರಿಕೆಗಳಲ್ಲಿ, ಮಾತುಕತೆಯಲ್ಲಿ ಇನ್ನೂ ಉಳಿದಿತ್ತು.

ಅನಿಮೇಷನ್ನಿಗೆ ಇರುವ ಕೊರತೆ ಇದೇ. ಅದರ ಹಿರಣ್ಯಕಶಿಪುವಿನ ಬಣ್ಣದ ಹಿಂದೆ ಮುಖವಿಲ್ಲ. ಬಣ್ಣ ತೊಳೆದರೆ ಚಹಾ ಕುಡಿಯಲು ಯಾರೂ ಉಳಿಯುವುದಿಲ್ಲ. ನೂರಾರು ಜನ ಕಂಪ್ಯೂಟರಿನ ಮುಂದೆ ಕೂತು ಮಾಡಿದ ಕೆಲಸವದು, ಆದರೆ ಆ ಕೆಲಸ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಗೊಂಬೆಗಿದ್ದ ದಾರವೂ ಇಲ್ಲ. ಕಾರ್ಟೂನ್ ಎಂದರೆ ಸೌಮ್ಯ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ, ಬಯಲಾಟದಲ್ಲಿ ಮನುಷ್ಯನ ದೇಹ, ಉಸಿರು, ಬೆವರು ಹಾಕುತ್ತಿದ್ದ ಮಿತಿ ಅದಕ್ಕಿಲ್ಲ. ದೇಹಗಳು ಎಷ್ಟು ಎತ್ತರಕ್ಕೂ ಬೆಳೆಯಬಹುದು, ಹೊಡೆತ ಎಷ್ಟು ಹೊತ್ತಾದರೂ ನಡೆಯಬಹುದು. ‘ಮಹಾವತಾರ ನರಸಿಂಹ’ದಲ್ಲಿ ಹಿರಣ್ಯಾಕ್ಷನೊಡನೆ ವರಾಹನ ಯುದ್ಧ, ಕೊನೆಯಲ್ಲಿ ನರಸಿಂಹನ ಯುದ್ಧ ಎರಡೂ ದೊಡ್ಡ ಸಾಹಸ ಚಿತ್ರಗಳ ಅಳತೆಯಲ್ಲಿ ನಡೆಯುತ್ತವೆ. ಅದು ಚಿತ್ರದ ಆಕರ್ಷಣೆ ಕೂಡ, ಅಲ್ಲಗಳೆಯಬೇಕಿಲ್ಲ. ಆದರೆ ಸಾಹಸ ಹಿಗ್ಗಿದಷ್ಟೂ ಮಾತಿಗೆ, ವಾದಕ್ಕೆ, ನಗುವಿಗೆ ಸಿಗುವ ಹೊತ್ತು ಕುಗ್ಗುತ್ತದೆ. ಮಗುವಿನ ಭಯವನ್ನು ಹದಗೊಳಿಸುತ್ತಿದ್ದದ್ದು ಆ ಹೊತ್ತೇ.

ಈ ಕೊರತೆಯನ್ನು ತುಂಬಲು ಸಾಧ್ಯ. ಅಮೆರಿಕದ ಟಿವಿಯಲ್ಲಿ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿ ಸಣ್ಣ ಮಕ್ಕಳನ್ನು ಹೆದರಿಸುತ್ತಿದ್ದ ಕಾಲದಲ್ಲಿ ಫ್ರೆಡ್ ರೋಜರ್ಸ್ ತಮ್ಮ ಮಕ್ಕಳ ಕಾರ್ಯಕ್ರಮಕ್ಕಾಗಿ ಅದರ ಚಿತ್ರೀಕರಣದ ಜಾಗಕ್ಕೇ ಹೋದರು. ಲೂ ಫೆರಿಗ್ನೊ ಎಂಬ ನಟ ಹಸಿರು ಬಣ್ಣ ಬಳಿಸಿಕೊಂಡು ಹಲ್ಕ್ ಆಗುವುದನ್ನು ಮಕ್ಕಳಿಗೆ ತೋರಿಸಿದರು. ಗುಂಡಬಾಳದ ಮಕ್ಕಳಿಗೆ ಚೌಕಿಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದನ್ನು ಅವರು ಟಿವಿಯೊಳಗೆ ಕಟ್ಟಿಕೊಟ್ಟರು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರು 1986ರಲ್ಲಿ ಆರಂಭಿಸಿದ ಯಕ್ಷಗಾನ ಶಿಕ್ಷಣ ಕೇಂದ್ರವಿದೆ. ಕರಾವಳಿಯ ಊರೂರುಗಳಲ್ಲಿ ಮಕ್ಕಳು ಇಂದಿಗೂ ಹೆಜ್ಜೆ ಕಲಿಯುತ್ತಿದ್ದಾರೆ. ಚೌಕಿಯನ್ನು ಕಂಡ ಮಗು ಚಿತ್ರಮಂದಿರಕ್ಕೆ ಹೋಗುವುದಕ್ಕೂ ಕಾಣದ ಮಗು ಹೋಗುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ನಂಬುತ್ತೇನೆ.

ಹಾಗಾದರೆ ತೀರ್ಮಾನ? ಏಳರೊಳಗಿನ ಮಗುವನ್ನು ಇಂಥ ಚಿತ್ರಕ್ಕೆ, ಅದರಲ್ಲೂ ಕತ್ತಲೆಯ ದೊಡ್ಡ ತೆರೆಗೆ, ಎದೆ ನಡುಗಿಸುವ ಸದ್ದಿಗೆ ಕರೆದೊಯ್ಯುವುದು ಸರಿಯಲ್ಲ. ದೇವರ ಕತೆ ಎಂಬುದು ಆ ವಯಸ್ಸಿನ ಕಣ್ಣಿಗೆ ರಿಯಾಯಿತಿ ಕೊಡುವುದಿಲ್ಲ. ಹತ್ತು ದಾಟಿದ ಮಗುವಿಗೆ ಚಿತ್ರವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೊದಲು ಕತೆ ಮನೆಯಲ್ಲಿ ಮಾತಿನಿಂದ ಬರಲಿ, ಪ್ರಹ್ಲಾದ ಉಳಿಯುತ್ತಾನೆಂದು ತಿಳಿದು ಅದು ಒಳಗೆ ಹೋಗಲಿ. ಆಮೇಲೆ ಅಪ್ಪನ ಬಗ್ಗೆ ಅದು ಕೇಳುವ ಪ್ರಶ್ನೆಗೆ ‘ಅವನು ರಾಕ್ಷಸ, ಅಷ್ಟೇ’ ಎಂದು ಬಾಯಿ ಮುಚ್ಚಿಸದೆ ಉತ್ತರಿಸುವವರಿರಲಿ. ನಡುವಿನ ಏಳರಿಂದ ಹತ್ತರ ಮಕ್ಕಳನ್ನು ಸಂಖ್ಯೆಯಿಂದ ಅಳೆಯಲಾಗದು. ಆ ಮಗುವನ್ನು ಬಲ್ಲವರೇ ಹೇಳಬೇಕು. ಎದ್ದು ಹೊರಗೆ ಬರೋಣ ಎಂದು ಅದು ಕೈ ಹಿಡಿದೆಳೆದರೆ ಟಿಕೆಟ್ಟಿನ ದುಡ್ಡು ನೋಡದೆ ಏಳಲು ತಯಾರಿದ್ದವರು ಮಾತ್ರ ಕರೆದೊಯ್ಯಲಿ.

ಈ ವಿಷಯದಲ್ಲಿ ಭಾಗವತ ನಮಗಿಂತ ಮುಂದೆ ಯೋಚಿಸಿದೆ. ಹಿರಣ್ಯಕಶಿಪುವಿನ ವಧೆಯಾದ ಮೇಲೂ ನರಸಿಂಹನ ಕೋಪ ಇಳಿಯುವುದಿಲ್ಲ. ಬ್ರಹ್ಮನಿಗೆ ಹತ್ತಿರ ಹೋಗಲು ಧೈರ್ಯವಿಲ್ಲ. ಲಕ್ಷ್ಮಿಯೂ ಆ ರೂಪ ಕಂಡು ಹಿಂಜರಿಯುತ್ತಾಳೆ. ಕೊನೆಗೆ ದೊಡ್ಡವರೆಲ್ಲ ಸೇರಿ ಮಗುವನ್ನು ಮುಂದೆ ಕಳಿಸುತ್ತಾರೆ. ಪ್ರಹ್ಲಾದ ಹೋಗಿ ಕಾಲಿಗೆ ಬೀಳುತ್ತಾನೆ, ಉಗುರಿನ ಕೈ ಅವನ ತಲೆಯ ಮೇಲೆ ಬಂದು ಕೂರುತ್ತದೆ. ನಿನ್ನ ಬಾಯಿ, ಕಣ್ಣು, ಕೊರಳ ಕರುಳಮಾಲೆ ಕಂಡು ನನಗೆ ಭಯವಿಲ್ಲ ಎಂದು ಹುಡುಗ ಹೇಳುತ್ತಾನೆ. ಮುಂದೆ ವರ ಕೇಳು ಎಂದಾಗ ತನ್ನನ್ನು ಕೊಲ್ಲಹೊರಟಿದ್ದ ಅಪ್ಪನಿಗೆ ಒಳ್ಳೆಯದಾಗಲಿ ಎಂದು ಕೇಳುತ್ತಾನೆ. ಸಾಹಸ ಚಿತ್ರದ ಲೆಕ್ಕದಲ್ಲಿ ಕತೆ ಕಂಬ ಒಡೆಯುವಲ್ಲಿ ತುದಿಗೇರಿ, ಉಗುರು ಇಳಿಯುವಲ್ಲಿ ಮುಗಿಯುತ್ತದೆ. ಮಗುವಿಗೆ ಬೇಕಾದದ್ದು ಇರುವುದು ಅದರ ನಂತರದ ಈ ಭಾಗದಲ್ಲಿ. ಮುಂದೆ ಬರಲಿರುವ ಆರು ಚಿತ್ರಗಳನ್ನು ಮಕ್ಕಳೊಡನೆ ನೋಡುವವರು ಯುದ್ಧ ಎಷ್ಟು ಹೊತ್ತು ನಡೆಯಿತು ಎಂಬುದರ ಜೊತೆಗೆ, ಅದು ಮುಗಿದ ಮೇಲೆ ಚಿತ್ರ ಎಷ್ಟು ಹೊತ್ತು ಉಳಿದಿತ್ತು ಎಂಬುದನ್ನೂ ಗಮನಿಸಿದರೆ ಒಳ್ಳೆಯದು.